ಡಾಕ್ಟರ್ ಎಲಿಸಬೆತ್ ಸೆಲ್ಬರ್ಟ್

ಜರ್ಮನಿ ದೇಶದ ಆಧಾರ ಶಾಸನದ ಮೂರನೆಯ ವಿಧಿಯಲ್ಲಿ, ಸ್ತ್ರೀಪುರುಷರು ಸಮಾನವಾದ ಹಕ್ಕುಳ್ಳವರು ಎಂಬ ಅರ್ಥವುಳ್ಳ ಚಿಕ್ಕದೊಂದು ವಾಕ್ಯವಿದೆ. ಜರ್ಮನ್ ಭಾಷೆಯಲ್ಲಿ ಅದು ಐದೇ ಶಬ್ದಗಳಲ್ಲಿ ಮುಗಿಯುತ್ತದೆ. ಇಷ್ಟು ಸಹಜವಾದ ಮಾತನ್ನು ಬರೆಯಿಸುವುದಕ್ಕೂ ಯಾರಾದರೂ ಹೋರಾಡಬೇಕಾಯಿತೇ ಎಂದು ಓದುವವರಿಗೆ ಆಶ್ಚರ್ಯವಾಗಬಹುದು. ಆದರೆ 1948ನೆಯ ಇಸವಿಯ ಚಳಿಗಾಲದಲ್ಲಿ ದೇಶದ ಪ್ರಾಜ್ಞರೆನಿಸಿಕೊಂಡವರು ಕೂಡಿದ ಸಭೆಯು ಈ ಐದು ಶಬ್ದಗಳನ್ನು ಬೇಡವೆಂದು ತಳ್ಳಿಹಾಕಿತು. ಅವುಗಳನ್ನು ಬಿಡದೆ ಹಿಡಿದು, ಊರೂರು ಅಲೆದು, ಒಂದೂವರೆ ತಿಂಗಳಲ್ಲಿ ಅದೇ ಸಭೆಯು ತಲೆಬಾಗುವಂತೆ ಮಾಡಿದವಳು ಕಾಸೆಲ್ ಪಟ್ಟಣದ ವಕೀಲೆಯಾದ ಎಲಿಸಬೆತ್ ಸೆಲ್ಬರ್ಟ್ ಎಂಬ ಮಹಿಳೆ. ಹೆಣ್ಣುಮಕ್ಕಳ ಶಾಲೆಯ ಸ್ಮರಣ ಸಂಚಿಕೆಯಲ್ಲಿ ಆಕೆಯ ಚರಿತ್ರೆಗೆ ಕೆಲವು ಪುಟಗಳನ್ನು ಮೀಸಲಿಡುವುದಕ್ಕೆ ಬೇರೆ ಕಾರಣವನ್ನು ಹೇಳಬೇಕಾಗಿಲ್ಲವೆಂದು ನಂಬುತ್ತೇವೆ.

ಈಕೆಯು 1896ನೆಯ ಇಸವಿ ಸೆಪ್ಟೆಂಬರ್ 22ರಂದು, ಆಗ ಪ್ರಷ್ಯ ರಾಜ್ಯಕ್ಕೆ ಸೇರಿದ್ದ ಕಾಸೆಲ್ ಪಟ್ಟಣದಲ್ಲಿ ಜನಿಸಿದಳು. ತಂದೆಯ ಮನೆತನದ ಹೆಸರು ರೋಡೆ. ತಂದೆಯು ಬಾಲಾಪರಾಧಿಗಳ ಸೆರೆಮನೆಯಲ್ಲಿ ನೌಕರನಾಗಿದ್ದನು. ನಾಲ್ಕು ಮಂದಿ ಹೆಣ್ಣುಮಕ್ಕಳಲ್ಲಿ ಈಕೆಯು ಎರಡನೆಯವಳು. ಮನೆಯಲ್ಲಿ ಬಡತನವೆಂಬಷ್ಟು ಬಡತನವಿರಲಿಲ್ಲ. ಆದರೆ ನಾಲ್ಕು ಹೆಣ್ಣುಮಕ್ಕಳನ್ನು ಮೇಲಿನ ತರಗತಿಗಳಿಗೆ ಕಳುಹಿಸುವಷ್ಟು ಸಂಬಳವೂ ಬರುತ್ತಿರಲಿಲ್ಲ. ಕ್ರೈಸ್ತ ಕುಟುಂಬದ ವಾಡಿಕೆಗನುಸಾರವಾಗಿ ಹುಡುಗಿಯರೆಲ್ಲರೂ ಹೆಣಿಗೆ, ಕಸೂತಿ, ಮನೆಗೆಲಸಗಳನ್ನು ಕಲಿತರು. ಎಲಿಸಬೆತ್ತಳ ಮನಸ್ಸಾದರೋ ಪುಸ್ತಕಗಳ ಮೇಲಿತ್ತು. ತಾನು ಉಪಾಧ್ಯಾಯಿನಿಯಾಗಬೇಕೆಂದು ಆಕೆಯು ಬಹಳವಾಗಿ ಆಶಿಸಿದ್ದಳು. ಅದಕ್ಕೆ ಬೇಕಾದ ವರುಷಗಳ ಓದು, ಆ ಓದಿನ ಖರ್ಚು, ಇವೆರಡೂ ತಂದೆಯ ಶಕ್ತಿಗೆ ಮೀರಿದ್ದರಿಂದ ಆ ಆಶೆಯು ಕೈಗೂಡಲಿಲ್ಲ.

ಪಟ್ಟಣದಲ್ಲಿ ಸ್ತ್ರೀವಿದ್ಯಾಭಿವೃದ್ಧಿಯ ಸಂಘವೊಂದು ನಡಿಸುತ್ತಿದ್ದ ವ್ಯಾಪಾರದ ಶಾಲೆಯಲ್ಲಿ ಒಂದು ವರುಷ ಕಲಿತು, ತರುವಾಯ ಆಮದು ರಫ್ತಿನ ಅಂಗಡಿಯೊಂದರಲ್ಲಿ ಪರದೇಶಗಳಿಗೆ ಕಾಗದಗಳನ್ನು ಬರೆಯುವ ಕೆಲಸವನ್ನು ಸಂಪಾದಿಸಿದಳು. 1914ರಲ್ಲಿ ಮೊದಲನೆಯ ಮಹಾಯುದ್ಧವು ಪ್ರಾರಂಭವಾಗಲು ಪರದೇಶಗಳೊಡನೆ ವ್ಯಾಪಾರವು ನಿಂತುಹೋಯಿತು, ಕೆಲಸವೂ ಹೋಯಿತು. ಗಂಡಸರು ರಣರಂಗಕ್ಕೆ ಹೋದಕಾರಣ ತೆರವಾದ ಸ್ಥಾನಗಳಿಗೆ ಹೆಂಗಸರನ್ನು ಕರೆಯತೊಡಗಿದಾಗ, 1916ರಲ್ಲಿ ಆಕೆಗೆ ಅಂಚೆ ಇಲಾಖೆಯ ತಂತಿ ಕಚೇರಿಯಲ್ಲಿ ಸಹಾಯಕಿಯ ಕೆಲಸವು ದೊರಕಿತು. ಯುದ್ಧವು ಅನೇಕರ ಮನೆಗಳನ್ನು ಹಾಳುಮಾಡಿತೆಂಬುದು ನಿಜ. ಆದರೂ ಅದುವರೆಗೆ ಹೆಂಗಸರಿಗೆ ಮುಚ್ಚಿದ್ದ ಎಷ್ಟೋ ಬಾಗಿಲುಗಳು ಆ ಗದ್ದಲದಲ್ಲಿಯೇ ತೆರೆದುವೆಂಬುದನ್ನೂ ಚರಿತ್ರಕಾರರು ಒಪ್ಪುತ್ತಾರೆ.

1918ರ ನವೆಂಬರ್ ತಿಂಗಳಲ್ಲಿ ಕೈಸರನು ಸಿಂಹಾಸನವನ್ನು ಬಿಟ್ಟು ಹೋದನು. ಜರ್ಮನಿಯು ಪ್ರಜಾರಾಜ್ಯವಾಯಿತು, ಸ್ತ್ರೀಯರಿಗೆ ಮತದಾನದ ಹಕ್ಕು ಬಂದಿತು. ಆ ದಿವಸಗಳಲ್ಲಿ ಎಲಿಸಬೆತ್ತಳಿಗೆ ಆಡಮ್ ಸೆಲ್ಬರ್ಟ್ ಎಂಬ ತರುಣನ ಪರಿಚಯವಾಯಿತು. ಆತನು ಕಸುಬಿನಿಂದ ಅಚ್ಚುಕೂಟದ ಕೆಲಸಗಾರನು. ಕಾಸೆಲಿಗೆ ತಗುಲಿದ್ದ ನೀಡರ್‌ತ್ಸ್ವೇರೆನ್ ಎಂಬ ಊರಿನಲ್ಲಿ ಕೆಲಸಗಾರರ ಮತ್ತು ಸಿಪಾಯಿಗಳ ಮಂಡಲಿಗೆ ಅಧ್ಯಕ್ಷನಾಗಿದ್ದವನು. ಆತನ ಪ್ರೇರಣೆಯಿಂದ ಆಕೆಯು ಸಭೆಗಳಿಗೆ ಹೋಗತೊಡಗಿ, ಸೋಷಿಯಲ್ ಡೆಮೊಕ್ರಾಟಿಕ್ ಪಕ್ಷವನ್ನು ಸೇರಿ, ಹೊಸ ಮತದ ಹಕ್ಕನ್ನು ಉಪಯೋಗಿಸಿಕೊಳ್ಳಿರೆಂದು ಹೆಂಗಸರಿಗೆ ಬೋಧಿಸುತ್ತಾ ತಿರುಗಿದಳು. 1919ರಲ್ಲಿ ಆ ಊರಿನ ಸಭೆಗೆ ಸದಸ್ಯೆಯಾಗಿ ಚುನಾಯಿಸಲ್ಪಟ್ಟಳು. 1920ರಲ್ಲಿ ಇಬ್ಬರಿಗೂ ವಿವಾಹವಾಯಿತು. ಅದೇ ವರುಷ ಕಾಸೆಲಿನಲ್ಲಿ ಕೂಡಿದ ಪಕ್ಷದ ಮಹಿಳಾ ಸಮ್ಮೇಲನದಲ್ಲಿ ಆಕೆಯು ಎದ್ದುನಿಂತು, ನಮಗೆ ಸಮಾನತೆಯು ದೊರೆತಿರುವುದು ಕಾಗದದ ಮೇಲೆ ಮಾತ್ರವೆಂದೂ ಅದನ್ನು ನಿಜಮಾಡುವ ಕೆಲಸವು ಇನ್ನೂ ಮುಂದಿದೆಯೆಂದೂ ವಾದಿಸಿದಳು. ಆಗ ಆಕೆಗೆ ಇಪ್ಪತ್ತನಾಲ್ಕು ವರುಷ. ಮುಂದಿನ ಅರುವತ್ತು ವರುಷಗಳ ಜೀವಮಾನವೆಲ್ಲ ಈ ಒಂದು ಮಾತಿನ ವಿಸ್ತಾರವೇ ಆಯಿತೆಂದರೂ ಸಲ್ಲುವುದು.

1921ರಲ್ಲಿಯೂ 1922ರಲ್ಲಿಯೂ ಎರಡು ಗಂಡುಮಕ್ಕಳು ಹುಟ್ಟಿದರು. ಇಲ್ಲಿಗೆ ಬಹುಮಂದಿ ಹೆಂಗಸರ ಓದಿನ ಕಥೆಯು ಮುಗಿಯುತ್ತದೆ. ಈಕೆಯದು ಇಲ್ಲಿಂದಲೇ ಪ್ರಾರಂಭವಾಯಿತು. ಸಭೆಗಳಲ್ಲಿ ಕಾನೂನಿನ ಪ್ರಸ್ತಾಪ ಬಂದಾಗಲೆಲ್ಲ ತನ್ನ ಅರಿವು ಸಾಲದೆಂಬ ಕೊರಗು ಆಕೆಯನ್ನು ಬಾಧಿಸುತ್ತಿತ್ತು. ಹೆಂಗಸರ ಕಷ್ಟಗಳ ಬೇರು ಕಾನೂನಿನ ಪುಸ್ತಕದಲ್ಲಿರುವುದರಿಂದ ಆ ಪುಸ್ತಕವನ್ನು ಓದಿ ತಿಳಿಯದೆ ಬೇರೆ ಉಪಾಯವಿಲ್ಲವೆಂದು ಆಕೆಗೆ ನಿಶ್ಚಯವಾಯಿತು. ಆದರೆ ವಿಶ್ವವಿದ್ಯಾನಿಲಯಕ್ಕೆ ಸೇರಬೇಕಾದರೆ ಪ್ರೌಢಶಾಲೆಯ ಕೊನೆಯ ಪರೀಕ್ಷೆಯಾಗಿರಬೇಕು, ಅದು ಆಗಿರಲಿಲ್ಲ. ಎರಡು ಮಕ್ಕಳ ತಾಯಿಯು ಮನೆಯಲ್ಲಿಯೇ ಕುಳಿತು ಓದಿ, 1926ರಲ್ಲಿ ಕಾಸೆಲಿನ ಲೂಯಿಸೆನ್ ಶಾಲೆಯಲ್ಲಿ ಖಾಸಗಿಯಾಗಿ ಪರೀಕ್ಷೆಗೆ ಕೂತು ತೇರ್ಗಡೆಯಾದಳು. ಮದುವೆಯಾದ ಮೇಲೆ ಖಾಸಗಿಯಾಗಿ ಪರೀಕ್ಷೆಗೆ ಕಟ್ಟಿದ ಪೂರ್ವ ವಿದ್ಯಾರ್ಥಿನಿಯರು ಈ ಪುಟಗಳನ್ನು ಓದುವವರಲ್ಲಿ ಇಲ್ಲದಿರಲಾರರು. ಮಕ್ಕಳು ಮಲಗಿದ ಮೇಲೆ ತೆರೆಯುವ ಪುಸ್ತಕದ ಭಾರವೆಷ್ಟೆಂಬುದನ್ನು ಅವರಿಗೆ ನಾವು ತಿಳಿಸಬೇಕಾಗಿಲ್ಲ. ಆಡಮ್ ಸೆಲ್ಬರ್ಟನು ಹೆಂಡತಿಯ ಓದಿಗೆ ಅಡ್ಡಿಬರಲಿಲ್ಲ. ಅಡ್ಡಿಬರದಿರುವುದು ಮಾತ್ರವಲ್ಲ, ಪ್ರೋತ್ಸಾಹಿಸಿದನು. ಆ ಕಾಲದಲ್ಲಿ ಇದು ಸಾಮಾನ್ಯವಾದ ಗುಣವಲ್ಲ.

ತರುವಾಯ ಮಾರ್ಬುರ್ಗ್ ಮತ್ತು ಗ್ಯೋಟಿಂಗೆನ್ ವಿಶ್ವವಿದ್ಯಾನಿಲಯಗಳಲ್ಲಿ ಕಾನೂನನ್ನು ಅಭ್ಯಾಸಮಾಡಿದಳು. ನೂರಾರು ಗಂಡುಗಳ ನಡುವೆ ಅಲ್ಲಿ ಇದ್ದ ವಿದ್ಯಾರ್ಥಿನಿಯರನ್ನು ಬೆರಳಿನಿಂದ ಎಣಿಸಬಹುದಾಗಿತ್ತು. 1929ರಲ್ಲಿ ಮೊದಲನೆಯ ಸರ್ಕಾರಿ ಪರೀಕ್ಷೆ, 1930ರಲ್ಲಿ ಡಾಕ್ಟರ್ ಪದವಿ, ಹೀಗೆ ಒಂದರ ಮೇಲೊಂದು ಕೈಗೂಡಿದುವು. ಪದವಿಗಾಗಿ ಆಕೆಯು ಬರೆದ ಪ್ರಬಂಧದ ವಿಷಯವು ವಿವಾಹವಿಚ್ಛೇದನ. ಅಂದಿನ ಕಾನೂನಿನಂತೆ ವಿಚ್ಛೇದನವು ಬೇಕಾದರೆ ಗಂಡಹೆಂಡಿರಲ್ಲಿ ಒಬ್ಬರ ತಪ್ಪನ್ನು ನ್ಯಾಯಸ್ಥಾನದಲ್ಲಿ ಸ್ಥಾಪಿಸಬೇಕಾಗಿತ್ತು. ಆದಕಾರಣ ಮನೆಯೊಳಗಿನ ಹೊಲಸನ್ನೆಲ್ಲ ಬೀದಿಗೆ ತರುವ ಸ್ಥಿತಿಯಿತ್ತು. ತಪ್ಪು ಯಾರದೆಂದು ಕೆದಕದೆ, ಸಂಸಾರವು ಮುರಿದುಹೋಗಿದೆಯೇ ಎಂಬುದನ್ನು ಮಾತ್ರ ನ್ಯಾಯಾಧೀಶರು ನೋಡಬೇಕೆಂದು ಆಕೆಯು ವಾದಿಸಿದಳು. ಪಶ್ಚಿಮ ಜರ್ಮನಿಯ ಕಾನೂನು ಈ ಮಾತನ್ನು ಅಂಗೀಕರಿಸಿದ್ದು 1977ರಲ್ಲಿ. ಅಂದರೆ ಪ್ರಬಂಧವು ಮುಗಿದು ನಾಲ್ವತ್ತೇಳು ವರುಷಗಳ ಮೇಲೆ.

ಹೀಗಿರಲಾಗಿ 1933ರ ಜನವರಿ 30ರಂದು ಹಿಟ್ಲರನು ಅಧಿಕಾರಕ್ಕೆ ಬಂದನು. ಆ ಮಾರ್ಚಿ ತಿಂಗಳ ಚುನಾವಣೆಯಲ್ಲಿ ಸೆಲ್ಬರ್ಟಳು ತನ್ನ ಪಕ್ಷದ ಪರವಾಗಿ ಅಭ್ಯರ್ಥಿಯಾಗಿ ನಿಂತು ಸೋತಳು. ಕೆಲವು ತಿಂಗಳೊಳಗೆ ಪಕ್ಷವೇ ನಿಷೇಧಿಸಲ್ಪಟ್ಟಿತು. ಆಡಮನನ್ನು ಕೆಲಸದಿಂದ ತೆಗೆದುಹಾಕಿ, ಕಾಸೆಲಿನ ಸಮೀಪದ ಬ್ರೈಟೆನೌ ಎಂಬಲ್ಲಿಯ ಬಂದಿಶಿಬಿರದಲ್ಲಿ ಕೆಲಕಾಲ ಇಟ್ಟರು. ಬಿಡುಗಡೆಯಾಗಿ ಬಂದ ಮೇಲೆಯೂ ಗುಪ್ತ ಪೊಲೀಸರ ಕಣ್ಣು ಆತನ ಮೇಲಿಂದ ಸರಿಯಲಿಲ್ಲ. ಯಾರೂ ಕೆಲಸ ಕೊಡುವಂತಿರಲಿಲ್ಲ. ಇನ್ನು ಸಂಸಾರದ ಭಾರವು ಹೆಂಡತಿಯ ಮೇಲೆ ಬಿದ್ದಿತು. ಆಕೆಯ ಎರಡನೆಯ ಕಾನೂನು ಪರೀಕ್ಷೆಯು 1934ರ ಅಕ್ಟೋಬರಿನಲ್ಲಿ ಮುಗಿದಿತ್ತು. ವಕೀಲಿಯ ಸನ್ನದು ಮಾತ್ರ ಬರಬೇಕಾಗಿತ್ತು. ಹೆಂಗಸರಿಗೆ ಆ ಕಸುಬಿನ ಬಾಗಿಲನ್ನು ಮುಚ್ಚಬೇಕೆಂಬುದು ಹೊಸ ಸರ್ಕಾರದ ಸಂಕಲ್ಪವೆಂದು ಎಲ್ಲರಿಗೂ ತಿಳಿದಿತ್ತು. ಕಾಸೆಲಿನ ಹೈಕೋರ್ಟಿನ ಅಧ್ಯಕ್ಷನೂ ವಕೀಲರ ಸಂಘದವರೂ ಆಕೆಯ ಅರ್ಜಿಯನ್ನು ವಿರೋಧಿಸಿದರು. ಆದರೆ ಅಧ್ಯಕ್ಷನು ಊರಿನಲ್ಲಿಲ್ಲದ ಸಮಯವನ್ನು ನೋಡಿ, ಆತನ ಸ್ಥಾನದಲ್ಲಿದ್ದ ಇಬ್ಬರು ಹಿರಿಯ ನ್ಯಾಯಾಧೀಶರು 1934ರ ಡಿಸೆಂಬರಿನಲ್ಲಿ ಸನ್ನದಿಗೆ ರುಜುಹಾಕಿಬಿಟ್ಟರು. ಕೆಲವೇ ದಿನಗಳಲ್ಲಿ ಹೊಸ ಕಾನೂನು ಜಾರಿಗೆ ಬಂದು, ಆ ಬಾಗಿಲು ಇತರ ಹೆಂಗಸರಿಗೆ ಮುಚ್ಚಿಹೋಯಿತು. ಇಬ್ಬರು ವೃದ್ಧರ ಧೈರ್ಯವಿಲ್ಲದಿದ್ದರೆ ಮುಂದಿನ ಕಥೆಯೇ ಇಲ್ಲ.

ಇಲ್ಲಿ ಒಂದು ಸಂಗತಿಯನ್ನು ಮರೆಮಾಡುವುದು ಸರಿಯಲ್ಲ. ಆಕೆಯು ಕಚೇರಿಯನ್ನು ತೆರೆದದ್ದು, ಇಬ್ಬರು ಯೆಹೂದ್ಯ ವಕೀಲರು ದೇಶಬಿಟ್ಟು ಹೋಗಬೇಕಾಗಿ ಬಂದುದರಿಂದ ತೆರವಾದ ಕೋಣೆಗಳಲ್ಲಿ. ಹಿಟ್ಲರನ ಆಳಿಕೆಯನ್ನು ದ್ವೇಷಿಸಿದವರೂ ಆ ಆಳಿಕೆಯಲ್ಲಿ ಜೀವಿಸಬೇಕಾಗಿತ್ತು. ಹಾಗೆ ಜೀವಿಸಿದವರ ಬಾಳಿನಲ್ಲಿ ಈ ತರದ ನೆರಳು ಬೀಳದೆ ಇರುವುದು ಅಪರೂಪ. ಗಂಡನಿಗೆ ಕೆಲಸವಿಲ್ಲ, ಮನೆಯ ಸುತ್ತಲೂ ಬೇಹುಗಾರರು, ಬಾಯಿ ತೆರೆದರೆ ಅಪಾಯ, ಹೀಗೆ ಹತ್ತು ವರುಷಗಳ ಕಾಲ ಮುಖ್ಯವಾಗಿ ಸಂಸಾರದ ವ್ಯಾಜ್ಯಗಳನ್ನು ನಡಿಸುತ್ತಾ ಆಕೆಯು ನಾಲ್ಕು ಹೊಟ್ಟೆಗಳನ್ನು ಸಾಕಿದಳು. ಕಾನೂನಿನ ಮುಂದೆ ಹೆಂಡತಿಯೆಂಬವಳು ಎಷ್ಟು ನಿರಾಧಾರಳೆಂಬುದನ್ನು ತನ್ನ ಕಕ್ಷಿದಾರರ ಕಣ್ಣೀರಿನಿಂದ ದಿನದಿನವೂ ಕಲಿತಳು. 1943ರ ಅಕ್ಟೋಬರ್ 22ರ ರಾತ್ರಿ ಬ್ರಿಟಿಷ್ ವಿಮಾನಗಳು ಕಾಸೆಲಿನ ಮೇಲೆ ಬೆಂಕಿಯ ಬಾಂಬುಗಳನ್ನು ಸುರಿಸಿದುವು. ಮರದ ಚೌಕಟ್ಟಿನ ಹಳೆಯ ಮನೆಗಳಿಂದ ತುಂಬಿದ್ದ ಪಟ್ಟಣದ ನಡುಭಾಗವೆಲ್ಲ ಒಂದೇ ರಾತ್ರಿಯಲ್ಲಿ ಸುಟ್ಟುಹೋಯಿತು. ಸುಮಾರು 10,000 ಜನರು ಸತ್ತರು. ಸೆಲ್ಬರ್ಟಳ ಕಚೇರಿಯೂ ಬೂದಿಯಾಯಿತು.

1945ರ ಮೇ 8ರಂದು ಜರ್ಮನಿಯು ಶರಣಾಗತವಾಯಿತು. ಗೆದ್ದ ನಾಲ್ಕು ರಾಷ್ಟ್ರಗಳು ದೇಶವನ್ನು ನಾಲ್ಕು ವಲಯಗಳಾಗಿ ಹಂಚಿಕೊಂಡವು. ಕಾಸೆಲ್ ಅಮೆರಿಕದವರ ಪಾಲಿಗೆ ಬಂದಿತು. ಅಲ್ಲಿಂದ ಪೂರ್ವಕ್ಕೆ ಸ್ವಲ್ಪ ದೂರದಲ್ಲಿಯೇ ರಷ್ಯದವರ ವಲಯದ ಗಡಿ. ಹಿಟ್ಲರನ ಪಕ್ಷದ ಸೋಂಕಿಲ್ಲದ ವಕೀಲರನ್ನು ಅಮೆರಿಕದವರು ಹುಡುಕುತ್ತಿದ್ದುದರಿಂದ ಈಕೆಗೆ ಬೇಗನೆ ಸನ್ನದು ಮರಳಿ ದೊರಕಿತು. 1946ರಲ್ಲಿ ಹೆಸ್ಸೆ ಪ್ರಾಂತದ ರಾಜ್ಯಾಂಗವನ್ನು ರಚಿಸುವ ಸಭೆಯಲ್ಲಿಯೂ, ತರುವಾಯ ಆ ಪ್ರಾಂತದ ಶಾಸನಸಭೆಯಲ್ಲಿಯೂ ಕುಳಿತಳು. ಆಗಿನ ಜರ್ಮನಿಯ ಸ್ಥಿತಿಯನ್ನು ನೆನಸಿಕೊಳ್ಳಬೇಕು. ಪಟ್ಟಣಗಳು ಕಲ್ಲುಮಣ್ಣಿನ ರಾಶಿಗಳು. ಗಂಡಸರಲ್ಲಿ ಅನೇಕರು ಸತ್ತಿದ್ದರು, ಅನೇಕರು ಪರದೇಶಗಳಲ್ಲಿ ಸೆರೆಯಾಳುಗಳಾಗಿದ್ದರು. ಹೆಂಗಸರ ಸಂಖ್ಯೆಯು ಗಂಡಸರ ಸಂಖ್ಯೆಗಿಂತ ಸುಮಾರು 70 ಲಕ್ಷ ಹೆಚ್ಚಾಗಿತ್ತು. ಇಟ್ಟಿಗೆಗಳನ್ನು ಆರಿಸಿ ಬೀದಿಗಳನ್ನು ಬಿಡಿಸಿದವರೂ, ಪಡಿತರಕ್ಕಾಗಿ ಸಾಲಿನಲ್ಲಿ ನಿಂತು ಮಕ್ಕಳನ್ನು ಬದುಕಿಸಿದವರೂ ಬಹುಮಟ್ಟಿಗೆ ಅವರೇ.

ಮೂರು ವರುಷಗಳೊಳಗೆ ಗೆದ್ದವರಲ್ಲಿಯೇ ಒಡಕು ಹುಟ್ಟಿತು. 1948ರ ಜೂನಿನಲ್ಲಿ ಪಶ್ಚಿಮದ ಮೂರು ವಲಯಗಳಲ್ಲಿ ಹೊಸ ನಾಣ್ಯವು ಬಂದಿತು. ರಷ್ಯದವರು ಬರ್ಲಿನಿಗೆ ಹೋಗುವ ದಾರಿಗಳನ್ನು ಮುಚ್ಚಿದರು. ಆ ಪಟ್ಟಣದ ಜನರಿಗೆ ಹಿಟ್ಟು, ಕಲ್ಲಿದ್ದಲುಗಳನ್ನು ವಿಮಾನಗಳಲ್ಲಿ ಹೊತ್ತು ತರಬೇಕಾಯಿತು. ಇಂಥ ಸಮಯದಲ್ಲಿ ಪಶ್ಚಿಮ ವಲಯಗಳಿಗೆ ಒಂದು ಶಾಸನವನ್ನು ಬರೆಯುವುದಕ್ಕಾಗಿ ಪ್ರಾಂತಗಳ ಪ್ರತಿನಿಧಿಗಳ ಸಭೆಯು ಸೆಪ್ಟೆಂಬರ್ 1ರಂದು ರೈನ್ ನದಿಯ ದಡದ ಬಾನ್ ಪಟ್ಟಣದಲ್ಲಿ ಕೂಡಿತು. ತಕ್ಕಷ್ಟು ದೊಡ್ಡ ಕಟ್ಟಡವು ಬೇರೆ ಇಲ್ಲದ್ದರಿಂದ ಪ್ರಾರಂಭೋತ್ಸವವು ಪ್ರಾಣಿಶಾಸ್ತ್ರದ ವಸ್ತುಸಂಗ್ರಹಾಲಯದಲ್ಲಿ ನಡೆಯಿತು. ಹುಲ್ಲು ತುಂಬಿದ ಮೃಗಗಳಿಗೆ ತೆರೆ ಕಟ್ಟಿ ಮರೆಮಾಡಿದ್ದರಂತೆ. ದೇಶವು ಇಬ್ಭಾಗವಾಗಿ ನಿಲ್ಲುವುದೆಂದು ಯಾರಿಗೂ ಒಪ್ಪಿಗೆಯಿರಲಿಲ್ಲ. ಪೂರ್ವದ ಸಹೋದರರೂ ಸೇರಿದ ಮೇಲೆ ನಿಜವಾದ ರಾಜ್ಯಾಂಗವನ್ನು ಬರೆಯೋಣ, ಈಗ ಬರೆಯುವುದು ತಾತ್ಕಾಲಿಕವಾದದ್ದು ಎಂಬ ಭಾವನೆಯಿಂದ ಅದಕ್ಕೆ ರಾಜ್ಯಾಂಗವೆಂದು ಹೆಸರಿಡದೆ ಆಧಾರ ಶಾಸನವೆಂದು ಹೆಸರಿಟ್ಟರು.

ಸಭೆಯಲ್ಲಿ ಮತವುಳ್ಳ ಸದಸ್ಯರು 65 ಮಂದಿ. ಅವರಲ್ಲಿ ಹೆಂಗಸರು ನಾಲ್ವರು. ಸೆಲ್ಬರ್ಟಳಲ್ಲದೆ ಹೆಲೆನೆ ವೇಬರ್, ಹೆಲೆನೆ ವೆಸೆಲ್, ಫ್ರೀಡರಿಕೆ ನಾಡಿಗ್ ಎಂಬವರು ಉಳಿದ ಮೂವರು. (ನಾಡಿಗ್ ಎಂಬ ಹೆಸರು ನಮ್ಮ ಕಡೆಯ ಮನೆತನದ ಹೆಸರಿನಂತೆ ಕೇಳಿಸಿದರೂ ಆಕೆಯು ಜರ್ಮನಿಯವಳೇ.) ಸೆಲ್ಬರ್ಟಳಿಗೆ ಈ ಸ್ಥಾನವು ಸುಲಭವಾಗಿ ಸಿಕ್ಕಲಿಲ್ಲ. ಅವಳ ಸ್ವಂತ ಪ್ರಾಂತದ ಪಕ್ಷದವರು ಅವಳನ್ನು ಆರಿಸಲಿಲ್ಲ. ಪಕ್ಷದ ಮುಖಂಡನಾದ ಕುರ್ಟ್ ಶೂಮಾಕರನ ಮಾತಿನ ಮೇಲೆ ನೆರೆಯ ಕೆಳ ಸ್ಯಾಕ್ಸನಿ ಪ್ರಾಂತದವರು ಕಳುಹಿಸಿದರು. ಸಭಾಧ್ಯಕ್ಷರಾಗಿದ್ದವರು ಮುಂದೆ ಪಶ್ಚಿಮ ಜರ್ಮನಿಯ ಪ್ರಧಾನಿಯಾದ ಕೊನ್ರಾಡ್ ಅಡೆನವರ್.

ಸ್ತ್ರೀಯರ ಸಮಾನತೆಯನ್ನು ಕುರಿತು ವಾದವೇ ಹುಟ್ಟಲಾರದೆಂದು ಸೆಲ್ಬರ್ಟಳು ನಂಬಿ ಬಂದಿದ್ದಳು. ಆದರೆ ಕರಡನ್ನು ನೋಡಿದಾಗ, 1919ರ ರಾಜ್ಯಾಂಗದಲ್ಲಿದ್ದ ಹಳೆಯ ಮಾತನ್ನೇ ಎತ್ತಿ ಬರೆದಿದ್ದರು. ಆ ಮಾತಿನಂತೆ ಗಂಡಸರಿಗೂ ಹೆಂಗಸರಿಗೂ ನಾಗರಿಕ ಹಕ್ಕುಬಾಧ್ಯತೆಗಳು ತತ್ತ್ವತಃ ಒಂದೇ. ನಾಗರಿಕ ಎಂಬ ವಿಶೇಷಣವು ಹಕ್ಕನ್ನು ಮತಪೆಟ್ಟಿಗೆಯ ಬಳಿಯಲ್ಲಿಯೇ ನಿಲ್ಲಿಸಿಬಿಡುತ್ತಿತ್ತು. ತತ್ತ್ವತಃ ಎಂಬುದು ಅಪವಾದಗಳಿಗೆಲ್ಲ ಬಾಗಿಲು ತೆರೆದಿಡುತ್ತಿತ್ತು. ಮನೆಯ ಹೊಸ್ತಿಲೊಳಗೆ ಆಳುತ್ತಿದ್ದದ್ದು 1900ರಲ್ಲಿ ಜಾರಿಗೆ ಬಂದ ಸಿವಿಲ್ ಸಂಹಿತೆ. ಅದರ ಪ್ರಕಾರ ಸಂಸಾರದ ಸರ್ವ ವಿಷಯಗಳಲ್ಲಿಯೂ, ವಾಸಸ್ಥಳವು ಯಾವುದೆಂಬುದರಲ್ಲಿಯೂ ನಿರ್ಣಯವು ಗಂಡನದು. ಹೆಂಡತಿಯು ತಂದ ಆಸ್ತಿಯನ್ನು ನೋಡಿಕೊಳ್ಳುವವನೂ ಅದರ ಉತ್ಪನ್ನವನ್ನು ಅನುಭವಿಸುವವನೂ ಸಾಮಾನ್ಯವಾಗಿ ಅವನೇ. ಅವಳು ಹೊರಗೆ ಒಪ್ಪಿಕೊಂಡ ಉದ್ಯೋಗವನ್ನು ನ್ಯಾಯಸ್ಥಾನದ ಅಪ್ಪಣೆ ಪಡೆದು ಬಿಡಿಸುವ ಅಧಿಕಾರವೂ ಅವನಿಗಿತ್ತು. ಮಕ್ಕಳ ಮೇಲಿನ ಅಧಿಕಾರವು ಮುಖ್ಯವಾಗಿ ತಂದೆಯದು. ಬಾಂಬುಗಳ ಕೆಳಗೆ ಮಕ್ಕಳನ್ನು ಒಬ್ಬಂಟಿಗಳಾಗಿ ಸಾಕಿದ ತಾಯಂದಿರು, ಗಂಡನು ಸೆರೆಯಿಂದ ಮರಳಿ ಬಂದ ದಿವಸ ಪುನಃ ಈ ಕಾನೂನಿನ ಕೆಳಗೆ ಬರಬೇಕಾಗಿತ್ತು.

ಆದಕಾರಣ ವಿಶೇಷಣಗಳಿಲ್ಲದ ಐದು ಶಬ್ದಗಳನ್ನು ಸೆಲ್ಬರ್ಟಳು ಸೂಚಿಸಿದಳು. ಎದುರಿನವರ ಆಕ್ಷೇಪಣೆಯನ್ನು ಹುರುಳಿಲ್ಲದ್ದೆಂದು ಹೇಳಲಾಗದು. ಈ ವಾಕ್ಯವನ್ನು ಒಪ್ಪಿದರೆ ಸಂಸಾರದ ಕಾನೂನೆಲ್ಲ ಒಂದೇ ದಿವಸದಲ್ಲಿ ರದ್ದಾಗಿ, ನ್ಯಾಯಾಧೀಶರಿಗೆ ದಾರಿ ಕಾಣದಂತಾಗುವುದೆಂದು ಅವರು ಭಯಪಟ್ಟರು. ಅವಳದೇ ಪಕ್ಷದ ನಾಡಿಗಳಿಗೂ ಮೊದಲು ಇದೇ ಅಂಜಿಕೆಯಿತ್ತು. ಸಮವಾದುದನ್ನು ಸಮವಾಗಿಯೂ, ಭಿನ್ನವಾದುದನ್ನು ಅದರ ಸ್ವಭಾವಕ್ಕೆ ತಕ್ಕಂತೆಯೂ ಕಾನೂನು ಕಾಣಲಿ ಎಂಬ ಬೇರೊಂದು ವಾಕ್ಯವನ್ನು ಎದುರುಪಕ್ಷದವರು ಮುಂದಿಟ್ಟರು. ಕೇಳಲಿಕ್ಕೆ ಇಂಪಾದ ಮಾತು, ಆದರೆ ಸ್ವಭಾವವು ಎಂಥದೆಂದು ತೀರ್ಮಾನಿಸುವವರು ಯಾರು ಎಂಬ ಪ್ರಶ್ನೆಗೆ ಉತ್ತರವಿರಲಿಲ್ಲ. ವಕೀಲೆಯಾದ ಸೆಲ್ಬರ್ಟಳು ತೊಡಕಿಗೆ ವಕೀಲರ ಪರಿಹಾರವನ್ನೇ ಹುಡುಕಿದಳು: ತತ್ತ್ವವು ಇಂದೇ ಜಾರಿಗೆ ಬರಲಿ, ಅದಕ್ಕೆ ವಿರುದ್ಧವಾದ ಹಳೆಯ ಕಾನೂನುಗಳು ತಿದ್ದಲ್ಪಡುವತನಕ ನಡೆಯಲಿ, ಆದರೆ 1953ನೆಯ ಇಸವಿ ಮಾರ್ಚಿ 31ನೆಯ ತಾರೀಕಿನಿಂದ ಒಂದು ದಿವಸವೂ ಮುಂದಕ್ಕೆ ಹೋಗದಿರಲಿ. ಆದರೂ ಡಿಸೆಂಬರ್ 3ರಂದು ಮುಖ್ಯ ಸಮಿತಿಯಲ್ಲಿ ಮತಗಳನ್ನೆಣಿಸಿದಾಗ ಸೂಚನೆಯು 9ಕ್ಕೆ 11 ಮತಗಳಿಂದ ಬಿದ್ದುಹೋಯಿತು. ಇದನ್ನು ನೀವು ಒಪ್ಪದಿದ್ದರೆ ದೇಶದ ಹೆಂಗಸರು ನಿಮಗೆ ಉತ್ತರ ಕೊಡುವರೆಂದು ಆಕೆಯು ಸಭೆಯಲ್ಲಿಯೇ ಎಚ್ಚರಿಸಿದ್ದಳು.

ಆ ಮಾತನ್ನು ನಿಜಮಾಡಿಕೊಡುವುದಕ್ಕೆ ಆಕೆಯು ಮನೆಯಲ್ಲಿ ಕುಳಿತಿರಲಿಲ್ಲ. ರೈಲುಗಳಲ್ಲಿ ಸರಿಯಾದ ಗಾಜಿಲ್ಲ, ಊರುಗಳಲ್ಲಿ ಇದ್ದಲಿಲ್ಲ, ಕ್ರಿಸ್‌ಮಸ್ಸಿನ ಚಳಿ. ಐವತ್ತೆರಡು ವರುಷದ ಆ ಹೆಂಗಸು ಸುವಾರ್ತಿಕರಂತೆ ಊರಿಂದೂರಿಗೆ ಸಂಚರಿಸಿ, ಹೆಂಗಸರ ಸಂಘಗಳನ್ನೂ ಕೆಲಸಗಾರ್ತಿಯರ ಸಂಘಗಳನ್ನೂ ಕಂಡು, ಬಾನಿನಲ್ಲಿ ನಡೆಯುವುದು ದೊಡ್ಡವರ ರಾಜಕಾರಣವಲ್ಲ, ನಿಮ್ಮ ನಿಮ್ಮ ಅಡಿಗೆಮನೆಯ ವಿಷಯ ಎಂದು ತಿಳಿಯಹೇಳಿದಳು. ಪ್ರಾಂತಗಳ ಶಾಸನಸಭೆಗಳಲ್ಲಿದ್ದ ಸ್ತ್ರೀಸದಸ್ಯರು ಬರೆದರು. ಪಟ್ಟಣಸಭೆಗಳ ಸ್ತ್ರೀಯರು ಬರೆದರು. ಲೋಹದ ಕಾರ್ಖಾನೆಗಳ 40,000 ಕೆಲಸಗಾರ್ತಿಯರ ಹೆಸರಿನಲ್ಲಿ ಮನವಿಯು ಬಂದಿತು. ಬುಟ್ಟಿಗಟ್ಟಲೆ ಕಾಗದಗಳು ಬಂದುವೆಂದು ಜನರು ಹೇಳುತ್ತಾ ಬಂದಿದ್ದಾರೆ. ಕಡತಗಳನ್ನು ಶೋಧಿಸಿದ ಚರಿತ್ರಕಾರರಿಗೆ ಬುಟ್ಟಿಗಳು ಸಿಕ್ಕಿಲ್ಲ. ಆದರೆ ಒಂದೊಂದು ಕಾಗದದ ಹಿಂದೆಯೂ ಸಾವಿರಾರು ಮತದಾರ್ತಿಯರು ನಿಂತಿದ್ದರೆಂಬುದು ಸುಳ್ಳಲ್ಲ, ಮತ್ತು ರಾಜಕಾರಣಿಗಳಿಗೆ ಆ ಲೆಕ್ಕವು ಬಹು ಬೇಗನೆ ತಿಳಿಯುತ್ತದೆ. ಡಿಸೆಂಬರಿನಲ್ಲಿ ಕೈಯೆತ್ತದವರು ಜನವರಿಯಲ್ಲಿ ತಾವು ಎಂದೂ ವಿರೋಧಿಸಿರಲೇ ಇಲ್ಲವೆಂಬಂತೆ ಮಾತಾಡತೊಡಗಿದರು. 1949ರ ಜನವರಿ 18ರಂದು ಮುಖ್ಯ ಸಮಿತಿಯು ಆ ಐದು ಶಬ್ದಗಳನ್ನು ಒಮ್ಮತದಿಂದ ಅಂಗೀಕರಿಸಿತು. ಮರುದಿವಸ ಸೆಲ್ಬರ್ಟಳು ಆಕಾಶವಾಣಿಯಲ್ಲಿ ದೇಶದ ಹೆಂಗಸರಿಗೆ ಈ ಸುದ್ದಿಯನ್ನು ತಿಳಿಸಿದಳು. ತನ್ನ ಆಯುಸ್ಸಿನಲ್ಲಿ ಅದಕ್ಕಿಂತ ಒಳ್ಳೆಯ ಗಳಿಗೆಯು ಬರಲಿಲ್ಲವೆಂದು ವೃದ್ಧಾಪ್ಯದಲ್ಲಿಯೂ ನೆನಸಿಕೊಳ್ಳುತ್ತಿದ್ದಳು. ಆಧಾರ ಶಾಸನವು ಮೇ 8ರಂದು 12ಕ್ಕೆ 53 ಮತಗಳಿಂದ ಅಂಗೀಕೃತವಾಗಿ, ಮೇ 23ರಂದು ಪ್ರಕಟವಾಯಿತು.

ದೇವರು ವರ ಕೊಟ್ಟರೂ ಪೂಜಾರಿ ವರ ಕೊಡಲೊಲ್ಲನೆಂಬ ಗಾದೆಯು ಜರ್ಮನಿಯಲ್ಲಿಯೂ ಸಲ್ಲುತ್ತದೆಂದು ಕಾಣುತ್ತದೆ. 1953ರ ಮಾರ್ಚಿ 31 ಬಂದಿತು, ಹೋಯಿತು. ಬಾನಿನ ಶಾಸನಸಭೆಯವರು ಸಂಸಾರದ ಕಾನೂನನ್ನು ತಿದ್ದಿರಲಿಲ್ಲ. ಸೆಲ್ಬರ್ಟಳು ಗೊತ್ತುಮಾಡಿಟ್ಟ ತಾರೀಕಿನ ಬೆಲೆಯು ಆಗ ತಿಳಿದುಬಂದಿತು. ಗಡುವು ದಾಟಿದುದರಿಂದ ಹಳೆಯ ನಿಯಮಗಳು ತಾವಾಗಿ ಬಿದ್ದುಹೋದುವು. ಆ ವರುಷದ ಡಿಸೆಂಬರಿನಲ್ಲಿ ಶ್ರೇಷ್ಠ ರಾಜ್ಯಾಂಗ ನ್ಯಾಯಾಲಯವು ಅದನ್ನೇ ಸ್ಥಿರಪಡಿಸಿತು. 1957ರಲ್ಲಿ ಅಂಗೀಕರಿಸಿದ ಹೊಸ ಕಾನೂನು 1958ರ ಜುಲೈ 1ರಿಂದ ಜಾರಿಗೆ ಬಂದಿತು. ಅದರಲ್ಲಿಯೂ ಮಕ್ಕಳ ವಿಷಯದಲ್ಲಿ ತಂದೆತಾಯಿಗಳಿಗೆ ಭಿನ್ನಾಭಿಪ್ರಾಯ ಬಂದರೆ ಕೊನೆಯ ಮಾತು ತಂದೆಯದೆಂದು ಬರೆದಿದ್ದರು. 1959ರಲ್ಲಿ ನ್ಯಾಯಾಲಯವು ಅದನ್ನೂ ಹೊಡೆದುಹಾಕಿತು. ಆ ನ್ಯಾಯಾಧೀಶರಲ್ಲಿ ಎರ್ನಾ ಷೆಫ್ಲರ್ ಎಂಬ ಮಹಿಳೆಯೊಬ್ಬಳಿದ್ದಳು. ಸಂಸಾರದ ಕರ್ತವ್ಯಕ್ಕೆ ಭಂಗಬಾರದಿದ್ದರೆ ಮಾತ್ರ ಹೆಂಡತಿಯು ಉದ್ಯೋಗಕ್ಕೆ ಹೋಗಬಹುದೆಂಬ ನಿಬಂಧನೆಯು 1977ರ ತನಕ ಉಳಿಯಿತು. ನಾಡಿಗಳು ಶಾಸನದಲ್ಲಿಯೇ ಬರೆಯಿಸಬೇಕೆಂದಿದ್ದ ಸಮಾನ ಕೂಲಿಯ ಮಾತು, ಬೇರೆ ಬರೆಯುವ ಅಗತ್ಯವಿಲ್ಲವೆಂದು ಬಿಟ್ಟುಹೋಗಿತ್ತು. ಕೂಲಿಯಲ್ಲಿ ವ್ಯತ್ಯಾಸವು ಉಳಿದೇ ಉಳಿಯಿತು.

ಇಷ್ಟು ದೊಡ್ಡ ಕಾರ್ಯವನ್ನು ಸಾಧಿಸಿದವಳಿಗೆ ಪಕ್ಷದವರು ಏನು ಕೊಟ್ಟರೆಂದರೆ, ಏನನ್ನೂ ಕೊಡಲಿಲ್ಲ. 1949ರ ಆಗಸ್ಟಿನಲ್ಲಿ ಮೊದಲನೆಯ ಚುನಾವಣೆಯು ನಡೆದಾಗ ಅವಳ ಹೆಸರನ್ನು ಗೆಲ್ಲುವ ಸ್ಥಾನದಲ್ಲಿ ಇಡಲಿಲ್ಲ. 1951ರಲ್ಲಿ ರಾಜ್ಯಾಂಗ ನ್ಯಾಯಾಲಯಕ್ಕೆ ನ್ಯಾಯಾಧೀಶರನ್ನು ಆರಿಸುವಾಗಲೂ ಅವಳ ಹೆಸರು ಬಂದು ಬಿದ್ದುಹೋಯಿತು. ತಾನು ಬರೆಯಿಸಿದ ವಾಕ್ಯಕ್ಕೆ ಅರ್ಥಹೇಳುವ ಪೀಠದಲ್ಲಿ ತಾನೇ ಕುಳಿತುಕೊಳ್ಳಲಾಗಲಿಲ್ಲವೆಂಬ ನೋವು ಅವಳಿಗಿತ್ತು. ಇರಬಾರದೆಂದು ಯಾರು ಹೇಳಿಯಾರು? ಹೆಸ್ಸೆಯ ಶಾಸನಸಭೆಯಲ್ಲಿ 1958ರ ತನಕ ಇದ್ದು, ಬಳಿಕ ರಾಜಕಾರಣವನ್ನು ಬಿಟ್ಟು ಕಾಸೆಲಿನ ಕಚೇರಿಗೆ ಮರಳಿದಳು. ಆಡಮನು 1965ರಲ್ಲಿ ತೀರಿಕೊಂಡನು. ಎಂಬತ್ತು ವರುಷ ದಾಟಿದ ಮೇಲೆಯೂ ಆಕೆಯು ಹೆಂಗಸರ ಸಂಸಾರದ ವ್ಯಾಜ್ಯಗಳನ್ನು ಕೈಬಿಡಲಿಲ್ಲ.

ಈ ನಡುವೆ ದೇಶವು ನಿಜವಾಗಿಯೂ ಎರಡಾಗಿಹೋಗಿತ್ತು. 1949ರ ಅಕ್ಟೋಬರ್ 7ರಂದು ಪೂರ್ವ ವಲಯದಲ್ಲಿ ಬೇರೆ ರಾಜ್ಯವು ಸ್ಥಾಪಿತವಾಯಿತು. ಅದರ ರಾಜ್ಯಾಂಗದಲ್ಲಿಯೂ ಸ್ತ್ರೀಪುರುಷರ ಸಮಾನತೆಯನ್ನು ಸ್ಪಷ್ಟವಾಗಿ ಬರೆದು, ವಿರುದ್ಧವಾದ ಕಾನೂನುಗಳನ್ನು ಗಡುವಿಲ್ಲದೆ ಅಂದೇ ರದ್ದುಮಾಡಿದರು. ಅಲ್ಲಿ ಕಾರ್ಖಾನೆಗಳಿಗೆ ಕೈಗಳು ಬೇಕಾಗಿದ್ದುವು. ಶಿಶುಪಾಲನಾಲಯಗಳು ಎಲ್ಲೆಲ್ಲಿಯೂ ಎದ್ದುವು. ಹೆಂಗಸರು ಉದ್ಯೋಗಕ್ಕೆ ಹೋಗುವುದು ನಿತ್ಯದ ಮಾತಾಯಿತು. ಈ ವಿಷಯದಲ್ಲಿ ಪಶ್ಚಿಮಕ್ಕಿಂತ ಪೂರ್ವವು ಮುಂದಿತ್ತೆಂಬುದನ್ನು ಒಪ್ಪಲೇಬೇಕು. ಆದರೆ ಸೆಲ್ಬರ್ಟಳು ಮಾಡಿದಂತೆ ಊರೂರು ತಿರುಗಿ, ಆಳುವವರಿಗೆ ವಿರುದ್ಧವಾಗಿ ಕಾಗದಗಳನ್ನು ಬರೆಯಿರಿ ಎಂದು ಹೇಳುವ ಹೆಂಗಸಿಗೆ ಆ ರಾಜ್ಯದಲ್ಲಿ ಸೆರೆಮನೆಯೇ ಗತಿಯಾಗಿತ್ತು. 1961ರ ಆಗಸ್ಟ್ 13ರಂದು ಬರ್ಲಿನಿನ ನಡುವೆ ಗೋಡೆಯು ಎದ್ದಿತು. ಕಾಸೆಲಿನಿಂದ ಪೂರ್ವಕ್ಕೆ ಹೋಗುವ ಹಳೆಯ ದಾರಿಗಳು ಮುಳ್ಳುತಂತಿಯ ಬೇಲಿಯಲ್ಲಿ ಮುಗಿದುವು.

ಆಕೆಗೆ ಎಂಬತ್ತು ದಾಟಿದ ಮೇಲೆಯೂ ಗೌರವಗಳು ಸಂದುವು. 1983ರಲ್ಲಿ ಹೆಸ್ಸೆ ಸರ್ಕಾರವು ಆಕೆಯ ಹೆಸರಿನಲ್ಲಿ ಬಹುಮಾನವನ್ನು ಸ್ಥಾಪಿಸಿತು. 1984ರಲ್ಲಿ ಕಾಸೆಲ್ ಪಟ್ಟಣವು ಆಕೆಯನ್ನು ಗೌರವ ನಾಗರಿಕಳೆಂದು ಸನ್ಮಾನಿಸಿತು. 1986ನೆಯ ಇಸವಿ ಜೂನ್ 9ರಂದು, ಎಂಬತ್ತೊಂಬತ್ತನೆಯ ವಯಸ್ಸಿನಲ್ಲಿ, ಹುಟ್ಟಿದ ಊರಿನಲ್ಲಿಯೇ ಆಕೆಯು ದೈವಾಧೀನಳಾದಳು. ಮರುವರುಷ ಆಕೆಯ ಮುಖಚಿತ್ರವುಳ್ಳ ಅಂಚೆಚೀಟಿಯು ಹೊರಟಿತು. ಯೌವನದಲ್ಲಿ ಅಂಚೆ ಇಲಾಖೆಯ ತಂತಿ ಕಚೇರಿಯಲ್ಲಿ ದುಡಿದವಳಿಗೆ ಈ ಗೌರವವು ಒಪ್ಪುತ್ತದೆ.

ಗೋಡೆಯು ಬಿದ್ದುದನ್ನು ಆಕೆಯು ನೋಡಲಿಲ್ಲ. ಅದು ತೆರೆದದ್ದು 1989ರ ನವೆಂಬರ್ 9ರ ರಾತ್ರಿ. 1990ರ ಅಕ್ಟೋಬರ್ 3ರಂದು ಎರಡು ಜರ್ಮನಿಗಳೂ ಒಂದಾದುವು. ಆಗ ಹೊಸ ರಾಜ್ಯಾಂಗವನ್ನು ಬರೆಯಲಿಲ್ಲ. ತಾತ್ಕಾಲಿಕವೆಂದು ಬಾನಿನಲ್ಲಿ ಬರೆದ ಆಧಾರ ಶಾಸನವನ್ನೇ ಪೂರ್ವದ ಪ್ರಾಂತಗಳು ಸೇರಿಕೊಂಡುವು. ಆದರೆ ಪೂರ್ವದ ಹೆಂಗಸರಿಗೆ ನಾಲ್ವತ್ತು ವರುಷ ದುಡಿದು ಗೊತ್ತಿತ್ತು. ಒಕ್ಕೂಟದ ಬೆನ್ನಲ್ಲಿಯೇ ಕಾರ್ಖಾನೆಗಳು ಮುಚ್ಚಿ, ಕೆಲಸವನ್ನು ಕಳೆದುಕೊಂಡವರಲ್ಲಿ ಅವರು ಬಹುಮಂದಿ. ಹಕ್ಕು ಸಮಾನವೆಂದು ಹೇಳುವುದಷ್ಟೇ ಸಾಲದು, ಅದು ನಡತೆಗೆ ಬರುವಂತೆ ಸರ್ಕಾರವು ಪ್ರಯತ್ನಿಸಬೇಕೆಂದು ಎರಡು ಭಾಗಗಳ ಹೆಂಗಸರೂ ಕೇಳಿದರು. ಶಾಸನವನ್ನು ಪುನಃ ನೋಡುವುದಕ್ಕೆ ನೇಮಿಸಿದ ಸಮಿತಿಯಲ್ಲಿ ವಾದಗಳು ನಡೆದು, 1994ರ ನವೆಂಬರಿನಲ್ಲಿ ಮೂರನೆಯ ವಿಧಿಗೆ ಇನ್ನೊಂದು ವಾಕ್ಯವು ಸೇರಿತು: ಸಮಾನತೆಯು ವಾಸ್ತವವಾಗಿ ನೆಲೆಗೊಳ್ಳುವಂತೆ ರಾಜ್ಯವು ಸಹಾಯಮಾಡಿ, ಇರುವ ಅನನುಕೂಲಗಳನ್ನು ನಿವಾರಿಸುವುದಕ್ಕೆ ಯತ್ನಿಸತಕ್ಕದ್ದು. ಕಾಸೆಲಿನ ಸಮ್ಮೇಲನದಲ್ಲಿ ತರುಣಿಯೊಬ್ಬಳು 1920ರಲ್ಲಿ ವಾದಿಸಿದ್ದೂ ಇದನ್ನೇ. ಹೊಸ ವಾಕ್ಯವನ್ನು ಆಕೆಯ ವಾಕ್ಯದ ಮುಂದೆ ಜೋಡಿಸಿದರು. ಆ ಐದು ಶಬ್ದಗಳಲ್ಲಿ ಒಂದನ್ನೂ ಮುಟ್ಟಲಿಲ್ಲ.